ರಾತ್ರಿಯಿಡೀ ಚಾರ್ಜಿನಲ್ಲಿ ಫೋನು: ಬ್ಯಾಟರಿಯ ಒಳಗೆ ಏನಾಗುತ್ತದೆ?

ಪ್ಲಸ್ ಟು ಕೆಮಿಸ್ಟ್ರಿಯ ಇಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ಲೆಡ್ ಸ್ಟೋರೇಜ್ ಬ್ಯಾಟರಿ ಉಂಟು, ನಿಕ್ಕಲ್-ಕ್ಯಾಡ್ಮಿಯಂ ಉಂಟು. ದಿನವಿಡೀ ನಮ್ಮ ಕೈಯಲ್ಲೇ ಇರುವ ಲಿಥಿಯಂ-ಅಯಾನ್ ಬಗ್ಗೆ ಮಾತ್ರ ಹೆಚ್ಚೇನೂ ಇಲ್ಲ. ಅದಕ್ಕೇ ಈ ಟಿಪ್ಪಣಿ. ಪ್ರಶ್ನೆ ಒಂದೇ: ಫೋನನ್ನು ಚಾರ್ಜಿಗೆ ಇಟ್ಟು, ಅದು ಕೆಲಸ ಮಾಡುತ್ತಿರುವಾಗಲೇ ನಾವು ಮಲಗಿಬಿಟ್ಟರೆ ಬ್ಯಾಟರಿ ಹಾಳಾಗುತ್ತದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪ್ಲಗ್ಗಿನಲ್ಲಿ ಇರುವುದರಿಂದ ಆಗುವ ನಷ್ಟ ಸ್ವಲ್ಪ. ತುಂಬಿದ ಬ್ಯಾಟರಿ ಗಂಟೆಗಟ್ಟಲೆ ಬಿಸಿಯಾಗಿಯೇ ಇದ್ದರೆ ಆಗುವ ನಷ್ಟ ಜಾಸ್ತಿ. ಇದು ಯಾಕೆ ಹೀಗೆ ಅಂತ ನೋಡೋಣ.

ಸೆಲ್ಲಿನ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಕೋಬಾಲ್ಟ್ ಇರುವ ಲಿಥಿಯಂ ಆಕ್ಸೈಡ್. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳ ಒಳಗೆ ಹೋಗಿ ಕೂರುತ್ತವೆ. ಫೋನು ಬಳಸುವಾಗ ವಾಪಸ್ ಬರುತ್ತವೆ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಕೆಲಸಕ್ಕೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಬಂತು. ಪಿಎಸ್‌ಸಿಗೆ ಓದುವವರು ಬರೆದಿಟ್ಟುಕೊಳ್ಳಿ.

ಚಾರ್ಜಾಗುವುದು ಎರಡು ಹಂತದಲ್ಲಿ

ಮೊದಲ ಹಂತದಲ್ಲಿ ಕರೆಂಟು ಒಂದೇ ಸಮನೆ ಹೋಗುತ್ತದೆ, ವೋಲ್ಟೇಜು ಏರುತ್ತಾ ಬರುತ್ತದೆ. ಸೆಲ್ಲು 4.2 ವೋಲ್ಟಿಗೆ ಮುಟ್ಟಿದ ಮೇಲೆ ಎರಡನೇ ಹಂತ. (ಈಚಿನ ಹಲವು ಫೋನುಗಳಲ್ಲಿ ಈ ಮಿತಿ 4.4ರ ಆಸುಪಾಸು.) ಇಲ್ಲಿ ವೋಲ್ಟೇಜು ನಿಂತಲ್ಲೇ ನಿಲ್ಲುತ್ತದೆ, ಕರೆಂಟು ಇಳಿಯುತ್ತಾ ಹೋಗುತ್ತದೆ. ನಮ್ಮ ಕಾಸರಗೋಡಿನಲ್ಲಿ ಸಂಜೆ ಕುಂಬಳೆಯಿಂದ ಬದಿಯಡ್ಕಕ್ಕೆ ಹೊರಡುವ ಬಸ್ಸು ನೆನಪಿಸಿಕೊಳ್ಳಿ. ಖಾಲಿ ಇರುವಾಗ ಎಲ್ಲರೂ ದಡಬಡ ಹತ್ತುತ್ತಾರೆ. ತುಂಬುತ್ತಾ ಬಂದ ಹಾಗೆ ಒಬ್ಬೊಬ್ಬರೇ, ಜಾಗ ಹುಡುಕಿಕೊಂಡು. ಕೊನೆಯ 20% ತುಂಬಲು ಅಷ್ಟು ಹೊತ್ತು ಹಿಡಿಯುವುದು ಇದಕ್ಕೇ.

ಕರೆಂಟು ತೀರಾ ಕಡಿಮೆಯಾದಾಗ ಫೋನಿನ ಒಳಗಿನ ಚಿಪ್ ಚಾರ್ಜಿಂಗನ್ನೇ ನಿಲ್ಲಿಸಿಬಿಡುತ್ತದೆ. ಆಮೇಲೆ ಪ್ಲಗ್ಗಿನಲ್ಲೇ ಇದ್ದರೂ ಬ್ಯಾಟರಿಗೆ ಕರೆಂಟು ಹೋಗುವುದಿಲ್ಲ. ವೋಲ್ಟೇಜು ಸ್ವಲ್ಪ ಇಳಿದಾಗ ಮಾತ್ರ ಮತ್ತೆ ತುಸು ತುಂಬುತ್ತದೆ. "ರಾತ್ರಿಯಿಡೀ ಇಟ್ಟರೆ ಓವರ್‌ಚಾರ್ಜ್ ಆಗುತ್ತದೆ" ಎಂಬ ಹೆದರಿಕೆ ಸರಿಯಾದ ಫೋನಿಗೆ, ಸರಿಯಾದ ಚಾರ್ಜರಿಗೆ ಅನ್ವಯಿಸುವುದಿಲ್ಲ.

ಈಗ ಲೆಕ್ಕ. 5000 ಎಂಎಎಚ್ ಬ್ಯಾಟರಿ, ಸರಾಸರಿ 3.85 ವೋಲ್ಟ್ ಅಂದರೆ ಸುಮಾರು 19 ವಾಟ್-ಅವರ್. 10 ವಾಟಿನ ಚಾರ್ಜರಿನಲ್ಲಿ, ನಷ್ಟವೂ ಸೇರಿ, ಎರಡೂವರೆ ಮೂರು ಗಂಟೆ ಅಂತಿಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಇಟ್ಟರೆ ಒಂದು ಗಂಟೆಗೆ ತುಂಬಿತು. ಬೆಳಿಗ್ಗೆ ಆರರವರೆಗೆ ಉಳಿದ ಐದು ಗಂಟೆ ಅದು ತುಂಬಿಯೇ ಇರುತ್ತದೆ. ನಾವು ನೋಡಬೇಕಾದದ್ದು ಆ ಐದು ಗಂಟೆಯನ್ನು.

ಕೆಲಸ ಮಾಡುತ್ತಲೇ ಇದ್ದರೆ?

ಬ್ಯಾಟರಿ ಒಂದೇ ಹೊತ್ತಿಗೆ ತುಂಬುತ್ತಲೂ ಖಾಲಿಯಾಗುತ್ತಲೂ ಇರುತ್ತದೆ ಅಂತ ಹಲವರು ಹೇಳುತ್ತಾರೆ. ಅದು ಆಗದ ಮಾತು. ಸೆಲ್ಲಿನಲ್ಲಿ ಒಂದು ಕ್ಷಣಕ್ಕೆ ಕರೆಂಟು ಒಂದೇ ದಿಕ್ಕಿಗೆ ಹರಿಯಬಹುದು ಅಷ್ಟೆ. ಸಾಮಾನ್ಯವಾಗಿ ಚಾರ್ಜರಿನಿಂದ ಬಂದದ್ದು ಮೊದಲು ಫೋನಿನ ಕೆಲಸಕ್ಕೆ ಹೋಗುತ್ತದೆ, ಮಿಕ್ಕಿದ್ದು ಬ್ಯಾಟರಿಗೆ. ಚಾರ್ಜರು ಸಣ್ಣದಾಗಿ ಕೆಲಸ ದೊಡ್ಡದಾದರೆ ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. ಹಳೆಯ 5 ವಾಟಿನ ಚಾರ್ಜರು ಹಾಕಿ ಆಟ ಆಡುವಾಗ ಪರ್ಸೆಂಟು ಇಳಿಯುವುದು ಹೀಗೆ.

ನಿಜವಾದ ತೊಂದರೆ ಬಿಸಿ. ನಮ್ಮ ಕಡೆಯ ಒಂದು ಉದಾಹರಣೆ ತೆಗೆದುಕೊಳ್ಳಿ. ಪೆರ್ಲ, ಬೆಳ್ಳೂರು, ದೇಲಂಪಾಡಿ ಕಡೆ ಗುಡ್ಡದ ಮರೆಯ ಮನೆಗಳಲ್ಲಿ ರೇಂಜ್ ಸಿಗುವುದು ಎಲ್ಲೋ ಒಂದು ಮೂಲೆಯಲ್ಲಿ, ಹೆಚ್ಚಾಗಿ ಮಹಡಿಯ ಕಿಟಕಿಯ ಹತ್ತಿರ. ಫೋನನ್ನು ಅಲ್ಲಿಟ್ಟು, ಚಾರ್ಜಿಗೆ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ, ಕೆಳಗೆ ಲ್ಯಾಪ್‌ಟಾಪಿಗೆ ಡೌನ್‌ಲೋಡ್ ಬಿಟ್ಟು ಮಲಗುವುದು ಎಷ್ಟೋ ಮನೆಗಳಲ್ಲಿ ಉಂಟು. ಇಲ್ಲಿ ಬಿಸಿ ಮೂರು ಕಡೆಯಿಂದ ಬರುತ್ತದೆ. ಚಾರ್ಜಿಂಗಿನದ್ದು ಒಂದು. ವೈಫೈ ಮತ್ತು ಪ್ರೊಸೆಸರಿನದ್ದು ಇನ್ನೊಂದು. ಮೂರನೆಯದ್ದು ರೇಂಜಿನದ್ದು: ಟವರು ದೂರವಾದಷ್ಟೂ ಫೋನು ಜೋರಾಗಿ ಸಿಗ್ನಲ್ ಕಳಿಸಬೇಕು. 4ಜಿ ಫೋನು ಹೆಚ್ಚೆಂದರೆ ಸುಮಾರು 200 ಮಿಲಿವಾಟ್ ಹೊರಗೆ ಬಿಡುತ್ತದೆ. ಆದರೆ ಅಷ್ಟು ಬಿಡಲು ಒಳಗಿನ ಆಂಪ್ಲಿಫಯರು ಅದರ ಎಷ್ಟೋ ಪಟ್ಟು ತಿನ್ನುತ್ತದೆ, ಉಳಿದದ್ದೆಲ್ಲ ಬಿಸಿಯೇ. ಮೇಲಿಂದ ಹಂಚು ಅಥವಾ ಶೀಟಿನ ಮಾಡು, ಏಪ್ರಿಲ್ ತಿಂಗಳ ಸೆಕೆ. ಫೋನಿಗೆ ದಪ್ಪ ಕವರು ಬೇರೆ.

ಎಷ್ಟು ಬಿಸಿಯಾಗಿದೆ ಅಂತ ನೋಡಬಹುದು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಡಯಲ್ ಮಾಡಿದರೆ ಬರುವ ಪುಟದಲ್ಲಿ ಬ್ಯಾಟರಿಯ ಉಷ್ಣತೆಯೂ ವೋಲ್ಟೇಜೂ ಕಾಣುತ್ತದೆ. ಮಲಗುವ ಮುಂಚೆ ಒಮ್ಮೆ, ನಡುವೆ ಎಚ್ಚರವಾದರೆ ಒಮ್ಮೆ ನೋಡಿ. ಸುಮ್ನೆ ಇಟ್ಟ ಫೋನಿಗೂ ಹಾಟ್‌ಸ್ಪಾಟ್ ಓಡುತ್ತಿರುವ ಫೋನಿಗೂ ಇರುವ ವ್ಯತ್ಯಾಸ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಬಿಸಿಯಾದರೆ ಆಗುವುದೇನು? ಗ್ರಾಫೈಟಿನ ಮೇಲೆ ಒಂದು ತೆಳು ಪದರ ಇರುತ್ತದೆ, ಎಸ್‌ಇಐ ಅಂತ ಹೆಸರು. ಅದು ಇರಲೇಬೇಕು. ಆದರೆ ಬಿಸಿಯಲ್ಲಿ ಅದು ದಪ್ಪವಾಗುತ್ತಾ ಲಿಥಿಯಂ ಅನ್ನು ನುಂಗುತ್ತದೆ. ನುಂಗಿದ್ದು ವಾಪಸ್ ಬರುವುದಿಲ್ಲ. ಇನ್ನೊಂದು ಕಡೆ, ಹೆಚ್ಚು ವೋಲ್ಟೇಜಿನಲ್ಲಿ ಇಲೆಕ್ಟ್ರೋಲೈಟ್ (ಅಯಾನುಗಳು ಓಡಾಡುವ ನಡುವಿನ ದ್ರಾವಣ) ಒಡೆದು ಗ್ಯಾಸ್ ಆಗುತ್ತದೆ.

ಬ್ಯಾಟರಿ ಪಾಠಗಳಲ್ಲಿ ಪದೇ ಪದೇ ಸಿಗುವ ಅಂಕಿಗಳು ಇವು. 25 ಡಿಗ್ರಿಯಲ್ಲಿ, 40% ಚಾರ್ಜಿನಲ್ಲಿ ಒಂದು ವರ್ಷ ಇಟ್ಟ ಸೆಲ್ಲಿನಲ್ಲಿ ಸುಮಾರು 96% ಸಾಮರ್ಥ್ಯ ಉಳಿಯುತ್ತದೆ. ಪೂರ್ತಿ ತುಂಬಿ ಇಟ್ಟರೆ 80%. ಅದೇ 40 ಡಿಗ್ರಿಯಲ್ಲಾದರೆ 85% ಮತ್ತು 65%. ತುಂಬಿರುವುದೂ ಬಿಸಿಯೂ ಜೊತೆಯಾದಾಗ ಎಷ್ಟು ಕೆಳಗೆ ಬಂತು ನೋಡಿ. ಇದು ವರ್ಷವಿಡೀ ಹಾಗೇ ಇಟ್ಟ ಸೆಲ್ಲಿನ ಕಥೆ, ನಮ್ಮದು ರಾತ್ರಿಯ ಐದು ಗಂಟೆ. ಒಂದೆರಡು ರಾತ್ರಿಗೆ ತಲೆಕೆಡಿಸಿಕೊಳ್ಳಬೇಡಿ. ದಿನಾ ಹಾಗೇ ಮಾಡಿದರೆ ಎರಡು ವರ್ಷದಲ್ಲಿ ಗೊತ್ತಾಗುತ್ತದೆ.

ಪರಿಹಾರ ಸುಲಭ. 80% ಅಥವಾ 85%ಗೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಐಫೋನಿನಲ್ಲಿ 2019ರ ಐಒಎಸ್ 13ರಿಂದ, 80%ಕ್ಕೆ ಕಾದು ನೀವು ಏಳುವ ಹೊತ್ತಿಗೆ ಉಳಿದದ್ದು ತುಂಬುವ ವ್ಯವಸ್ಥೆ ಉಂಟು. ರಾತ್ರಿ ಕೆಲಸ ಇದ್ದರೆ ಕವರು ತೆಗೆದು ಮೇಜಿನ ಮೇಲೋ ಸಿಮೆಂಟಿನ ನೆಲದ ಮೇಲೋ ಇಡಿ. ತಲೆದಿಂಬಿನ ಅಡಿ, ಹಾಸಿಗೆ ಮೇಲೆ ಬೇಡವೇ ಬೇಡ. ಫಾಸ್ಟ್ ಚಾರ್ಜರಿಗೆ ರಾತ್ರಿ ಕೆಲಸ ಇಲ್ಲ, ಅಲ್ವಾ? ನಿಧಾನದ್ದೇ ಸಾಕು.

"ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಇಡಬೇಕು" ಎಂಬುದು ನಿಕ್ಕಲ್-ಕ್ಯಾಡ್ಮಿಯಂ ಕಾಲದ ಬುದ್ಧಿಮಾತು. ಲಿಥಿಯಂಗೆ ಅದು ಬೇಡ. ಕರೆಂಟು ಬಿಲ್ಲಿನ ಚಿಂತೆಯೂ ಬೇಡ: ನಷ್ಟ ಸೇರಿ ಒಂದು ಸಲಕ್ಕೆ 25 ವಾಟ್-ಅವರ್ ಹಿಡಿದರೂ 40 ಸಲ ತುಂಬಿದ ಮೇಲೆ ಒಂದು ಯೂನಿಟ್.

ಚಾರ್ಜರೂ ಸಿಡಿಲೂ

ಚಾರ್ಜರಿನ ಒಳಗೆ 230 ವೋಲ್ಟ್ ಎಸಿ ಮೊದಲು ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದಕ್ಕೂ ನಿಮ್ಮ ಕೈಗೂ ನಡುವೆ ಇರುವುದು ಪುಟ್ಟ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಮಾತ್ರ. ಪೇಟೆಯ ರಸ್ತೆ ಬದಿಯಲ್ಲಿ ಸಿಗುವ ಹೆಸರಿಲ್ಲದ ಚಾರ್ಜರುಗಳು ಉಳಿತಾಯ ಮಾಡುವುದು ಅಲ್ಲೇ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯಾ ನೋಡಿ ತೆಗೆದುಕೊಳ್ಳಿ.

ತುಲಾ ಮಳೆಯ ತಿಂಗಳುಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರಿನಲ್ಲಿ, ಈ ಟಿಪ್ಪಣಿಯ ಸಮಾಧಾನದ ಮಾತೆಲ್ಲ ಬದಿಗಿಡಿ. ಸಂಜೆ ಗುಡುಗು ಶುರುವಾಗುವ ಮೊದಲೇ ಚಾರ್ಜರನ್ನು ಪ್ಲಗ್ಗಿನಿಂದ ಎಳೆದುಬಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಬೋರ್ಡಿನ ಸ್ವಿಚ್ಚು ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಸ್ವಿಚ್ಚಿನ ಒಳಗಿನ ಕೆಲವು ಮಿಲಿಮೀಟರ್ ಅಂತರ ಸಿಡಿಲಿಗೆ ಒಂದು ಲೆಕ್ಕವೇ ಅಲ್ಲ. ಇಎಲ್‌ಸಿಬಿ ಇದ್ದರೂ ಅದು ಕರೆಂಟು ಸೋರಿದರೆ ನಮ್ಮನ್ನು ಕಾಪಾಡಲು ಇರುವುದು, ಫೋನನ್ನಲ್ಲ.

ಇನ್ನೊಂದು ಮಾತು. ಫೋನಿನ ಹಿಂಬದಿ ಎದ್ದಿದ್ದರೆ, ಪರದೆ ಒಂದು ಅಂಚಿನಲ್ಲಿ ಬಿಟ್ಟುಕೊಂಡಿದ್ದರೆ, ಒಳಗೆ ಮೇಲೆ ಹೇಳಿದ ಗ್ಯಾಸ್ ತುಂಬಿ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಅದನ್ನು ಒಂದು ರಾತ್ರಿಗೂ ಚಾರ್ಜಿಗೆ ಇಡಬೇಡಿ. ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ರಿಪೇರಿ ಅಂಗಡಿಗೆ ಒಯ್ದು ಬ್ಯಾಟರಿ ಬದಲಿಸಿ. ಹಳೆಯ ಬ್ಯಾಟರಿಯನ್ನು ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮಸೇನೆಯವರಿಗೆ ಕೊಡುವುದಾದರೆ ಪ್ಲಾಸ್ಟಿಕ್ ಕಸದ ಚೀಲದ ಒಳಗೆ ಸೇರಿಸಿ ದಾಟಿಸಬೇಡಿ. ಬ್ಯಾಟರಿ ಅಂತ ಹೇಳಿ ಬೇರೆಯೇ ಕೊಡಿ.