4 ಅಡಿ ಅಗಲದ ಬಚ್ಚಲಲ್ಲಿ ಶವರ್‌ಗೆ ಜಾಗ ಎಲ್ಲಿ?

ಪ್ರಶ್ನೆ: ನಮ್ಮದು 30×40 ಸೈಟಿನ ಹಳೇ ಮನೆ. ಬಾತ್‌ರೂಮ್ 4 ಅಡಿ ಅಗಲ, 7 ಅಡಿ ಉದ್ದ. ಯಾರು ಸ್ನಾನ ಮಾಡಿದರೂ ಕಮೋಡ್ ತನಕ ಒದ್ದೆ. ಹೊಸದಾಗಿ ಮಾಡಿಸುವಾಗ ಶವರ್‌ಗೆ ಬೇರೆ ಜಾಗ ಸಿಗುತ್ತದಾ?

ಖಂಡಿತ ಸಿಗುತ್ತದೆ. ಅಂಗಡಿಗೆ ಹೋಗುವ ಮೊದಲು ಒಂದು ಸೀಮೆಸುಣ್ಣ ತಗೊಳ್ಳಿ. ಬಾಗಿಲು ಚಿಕ್ಕ ಗೋಡೆಯಲ್ಲಿದ್ದರೆ ಲೆಕ್ಕ ಸುಲಭ. ಬಾಗಿಲ ಹತ್ತಿರ ವಾಶ್‌ಬೇಸಿನ್‌ಗೆ 2 ಅಡಿ, ಆಮೇಲೆ ಕಮೋಡ್‌ಗೆ ಎರಡೂವರೆ, ಕೊನೇ ಗೋಡೆಗೆ ಅಂಟಿಕೊಂಡು ಶವರ್‌ಗೆ ಎರಡೂವರೆ. ನೆಲದ ಮೇಲೆ ಗೆರೆ ಎಳೆಯಿರಿ. ಶವರ್ ಜಾಗದಲ್ಲಿ ನಿಂತು, ಕಾಲಿಗೆ ಸೋಪು ಹಚ್ಚುವ ಹಾಗೆ ಬಗ್ಗಿ ನೋಡಿ. ತೀರಾ ಇಕ್ಕಟ್ಟು ಅನಿಸಿದರೆ ಬೇಸಿನ್ ಚಿಕ್ಕದು ಮಾಡಿ. ಬಾಗಿಲು ಒಳಗೆ ತೆರೆಯುತ್ತಿದ್ದರೆ ಹೊರಗೆ ತೆರೆಯುವಂತೆ ಮಾಡಿಸಿ, ಎಷ್ಟೋ ಜಾಗ ಉಳಿಯುತ್ತದೆ.

ಈ ಕೆಲಸದ ಜೀವ ಇರುವುದು ವಾಟದಲ್ಲಿ, ಅಂದರೆ ನೆಲದ ಇಳಿಜಾರಿನಲ್ಲಿ. ನೀರು ಹೋಗುವ ಜಾಲರಿ ಶವರ್ ಜಾಗದ ಒಳಗೇ, ದೂರದ ಮೂಲೆಯಲ್ಲಿ ಬರಬೇಕು. ಅಡಿಗೆ ಕಾಲು ಇಂಚು ವಾಟ ಕೊಡಿ ಎಂದು ಮೇಸ್ತ್ರಿಗೆ ಬಾಯಿಬಿಟ್ಟು ಹೇಳಿ. ಶವರ್ ನೆಲ ಉಳಿದ ನೆಲಕ್ಕಿಂತ ಅರ್ಧ ಇಂಚು ಕೆಳಗಿದ್ದರೆ ಇನ್ನೂ ಒಳ್ಳೇದು. ಕಟ್ಟೆ ಕಟ್ಟಿದರೆ ವಯಸ್ಸಾದವರು ಎಡವುತ್ತಾರೆ, ಅದು ನನಗೆ ಇಷ್ಟವಿಲ್ಲ. ವಾಟರ್‌ಪ್ರೂಫಿಂಗ್ ಆದ ಮೇಲೆ ಜಾಲರಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಮನೆಯಿದ್ದರೆ ಅದರ ಸೂರು ಒದ್ದೆಯಾಗಿದೆಯಾ ನೋಡಿ. ಟೈಲ್ಸ್ ಕೂತ ದಿನ ಒಂದು ಚೊಂಬು ನೀರು ಚೆಲ್ಲಿ, ಅದು ಯಾವ ಕಡೆ ಓಡುತ್ತದೆ ಎಂದು ಕಣ್ಣಾರೆ ನೋಡಿದ ಮೇಲೇ ಬಾಕಿ ದುಡ್ಡು ಕೊಡಿ. ನಮ್ಮ ಮನೆಯಲ್ಲಿ ನೋಡಲಿಲ್ಲ. ಕಮೋಡ್ ಬುಡದಲ್ಲಿ ಅಂಗೈಯಷ್ಟು ನೀರು ಇವತ್ತಿಗೂ ನಿಲ್ಲುತ್ತದೆ. ಸ್ನಾನ ಆದ ಮೇಲೆ ಅಮ್ಮ ದಿನಾ ವೈಪರ್ ಹಿಡಿಯಬೇಕು. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ತಟ್ಟೆಯಗಲದ ರೇನ್ ಶವರ್ ಚೆಂದ ನಿಜ. ಆದರೆ ಟ್ಯಾಂಕ್ ಶವರ್‌ಗಿಂತ 10 ಅಡಿ ಮೇಲಿದ್ದರೂ ಸಿಗುವ ಪ್ರೆಶರ್ 1 ಬಾರ್‌ನ (ಬಾರ್ ಅಂದರೆ ಪ್ರೆಶರ್ ಅಳೆಯುವ ಮಾನ) ಮೂರನೇ ಒಂದು ಭಾಗಕ್ಕಿಂತ ಕಮ್ಮಿ. ಅಷ್ಟಕ್ಕೆ ಆ ಶವರ್‌ನಿಂದ ನೀರು ತೊಟ್ಟಿಕ್ಕುತ್ತದೆ ಅಷ್ಟೇ. ಪಂಪ್ ಇಲ್ಲದ ಮನೆಗೆ ಚಿಕ್ಕ ಮುಖದ ಶವರ್ ಇಲ್ಲವೇ ಹ್ಯಾಂಡ್ ಶವರ್ ಸಾಕು.

ಗಾಜಿನ ಬಾಗಿಲು ಬೇಡ. ಕಮೋಡ್ ಪಕ್ಕ 2 ಅಡಿ ಅಗಲದ, 8 ಎಂಎಂ ಟಫನ್ಡ್ ಗಾಜು ಒಂದು ನಿಲ್ಲಿಸಿದರೆ ಎರಚಲು ತಡೆಯುತ್ತದೆ. ಬೋರ್‌ವೆಲ್ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ದಿನಾ ಒರೆಸಬೇಕು. ಆಗಲ್ಲ ಅನ್ನುವವರು ಪ್ಲಾಸ್ಟಿಕ್ ಪರದೆ ಹಾಕಿಕೊಳ್ಳಿ, ತಪ್ಪೇನಿಲ್ಲ.

ಇನ್ನೊಂದು ಮಾತು. ಶವರ್ ಬಂತು ಅಂತ ಕೆಳಗಿನ ನಲ್ಲಿ ತೆಗೆಸಬೇಡಿ. ಎಣ್ಣೆಸ್ನಾನಕ್ಕೆ, ಮಕ್ಕಳಿಗೆ, ಕರೆಂಟ್ ಹೋದ ದಿನ ಒಲೆ ಮೇಲೆ ಕಾಯಿಸಿದ ನೀರಿಗೆ ಬಕೆಟ್ಟೇ ಬೇಕು ಅಲ್ವಾ? ನಲ್ಲಿ ನೆಲದಿಂದ 2 ಅಡಿ ಎತ್ತರದಲ್ಲಿ ಬರಲಿ. ಪೈಪ್ ಹಾಕುವ ದಿನ ನಿಮ್ಮ ಬಕೆಟ್ಟನ್ನೇ ಪ್ಲಂಬರ್ ಮುಂದೆ ಇಟ್ಟು ಅಳತೆ ತೋರಿಸಿ.