ಗಂಟಲಿಗೆ ಬಡಿದ ಚೆಂಡು, ಕೂತುಹೋದ ಸ್ವರ

ಒಂದು ಶನಿವಾರ ಸಂಜೆ ಮುಂಬೈ ಮಾಟುಂಗದ ನನ್ನ ಕ್ಲಿನಿಕ್ಕಿಗೆ ಕುಂದಾಪುರ ಕಡೆಯ ತಾಯಿಯೊಬ್ಬರು ಹದಿನೈದು ವರ್ಷದ ಮಗನನ್ನು ಕರೆತಂದರು. ಹುಡುಗ ವಿಕೆಟ್ ಕೀಪರ್; ಆಜಾದ್ ಮೈದಾನದಲ್ಲಿ ಚೆಂಡು ಪುಟಿದು ನೇರ ಗಂಟಲಿಗೆ ಬಡಿದು ನಾಲ್ಕು ತಾಸಾಗಿತ್ತು. “ಡಾಕ್ಟ್ರೇ, ಹೊರಗೆ ಎಂತದೂ ಆಗ್ಲಿಲ್ಲ, ಸ್ವರ ಮಾತ್ರ ಕೂತಿದೆ. ಅರಸಿನ ಹಾಲು ಕೊಟ್ಟೆ, ನುಂಗ್ಲಿಕ್ಕೆ ಆಗುದಿಲ್ಲ ಅಂತಾನೆ” ಎಂದರು. ಹೊರಗೆ ಗಾಯವಿಲ್ಲ, ಸ್ವರ ಬದಲಾಗಿದೆ, ನುಂಗಿದರೆ ನೋವು: ಕಿವಿ-ಮೂಗು-ಗಂಟಲು ವೈದ್ಯನಿಗೆ ಇವಿಷ್ಟೇ ಸಾಕು, ಅಂಥ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ.

ಕುತ್ತಿಗೆಯ ಮುಂಭಾಗವನ್ನು ಬೆರಳಿನಿಂದ ಸವರಿದರೆ ಮೊದಲು ಗಲ್ಲದ ಕೆಳಗೆ ಹಯಾಯ್ಡ್ ಮೂಳೆ, ಅದರ ಕೆಳಗೆ ಗಂಟಲುಮಣಿಯಾಗಿ ಉಬ್ಬಿರುವ ಥೈರಾಯ್ಡ್ ಮೃದ್ವಸ್ಥಿ, ಅದಕ್ಕೂ ಕೆಳಗೆ ಉಂಗುರದಂಥ ಕ್ರಿಕಾಯ್ಡ್ ಸಿಗುತ್ತವೆ. ಶ್ವಾಸಮಾರ್ಗದಲ್ಲಿ ಪೂರ್ಣ ವೃತ್ತವಾಗಿರುವ ಮೃದ್ವಸ್ಥಿ ಈ ಕ್ರಿಕಾಯ್ಡ್ ಒಂದೇ; ಉಳಿದ ಉಂಗುರಗಳ ಬೆನ್ನು ತೆರೆದಿರುತ್ತದೆ. ಆದ್ದರಿಂದ ಇಲ್ಲಿ ಒಳಪದರ ಊದಿಕೊಂಡರೆ ಹೊರಕ್ಕೆ ಹಿಗ್ಗಲು ಜಾಗವಿಲ್ಲದೆ ಉಸಿರಿನ ದಾರಿಯೇ ಕಿರಿದಾಗುತ್ತದೆ. ಹಿಂದೆ ಬೆನ್ನುಮೂಳೆಯ ಗೋಡೆಯಿರುವುದರಿಂದ ಮುಂದಿನಿಂದ ಪೆಟ್ಟು ಬಿದ್ದಾಗ ಈ ಮೃದ್ವಸ್ಥಿಗಳ ಧ್ವನಿಪೆಟ್ಟಿಗೆ ಅಡಕತ್ತರಿಯ ಅಡಿಕೆಯಂತೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಗಲ್ಲ ತಗ್ಗಿ ಅದನ್ನು ಕಾಯುತ್ತದೆ. ಆದರೆ ಕುಕ್ಕರಗಾಲಲ್ಲಿ ಕೂತು ಮುಖ ಎತ್ತಿ ಚೆಂಡನ್ನೇ ನೋಡುತ್ತಿರುವ ಕೀಪರನಿಗೆ ಆ ಕಾವಲಿಲ್ಲ. ಚೆಂಡೂ ಹಗುರವಲ್ಲ: ಹಿರಿಯ ಪುರುಷರ ಆಟದಲ್ಲಿ ಅದರ ತೂಕ 155.9ರಿಂದ 163 ಗ್ರಾಂ.

ಹುಡುಗನ ಚರ್ಮದ ಮೇಲೆ ಚೆಂಡಿನ ಹೊಲಿಗೆಯ ಮಾಸಲು ಕೆಂಪು ಗುರುತಷ್ಟೇ ಇತ್ತು. ಮೂಗಿನ ಮೂಲಕ ತೆಳ್ಳನೆಯ ದುರ್ಬೀನು ಇಳಿಸಿ ‘ಈ...’ ಎನ್ನಲು ಹೇಳಿದೆ. ಎಡ ಧ್ವನಿತಂತು ಮುತ್ತಿನಂತೆ ಬೆಳ್ಳಗೆ ಬಂದು ನಡುವೆ ನಿಂತಿತು. ಬಲದ್ದು ಜಾಂಬಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ರಕ್ತ ಕಟ್ಟಿ, ಸೋಮಾರಿಯಾಗಿ ಅಲುಗಿತು. ದಾರಿ ಇನ್ನೂ ತೆರೆದಿತ್ತು. ಆದರೆ ಬಾವು ಗಂಟೆಗಟ್ಟಲೆ ಏರುತ್ತ ಹೋಗಬಹುದಾದ್ದರಿಂದ ಮೊದಲ ದಿನವೆಲ್ಲ ಕಣ್ಣಿಟ್ಟಿರಬೇಕಾಗುತ್ತದೆ. ಅವನನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ, ಸಿ.ಟಿ. ಸ್ಕ್ಯಾನಿನಲ್ಲಿ ಮುರಿತವಿಲ್ಲವೆಂದು ಖಾತ್ರಿ ಮಾಡಿಕೊಂಡು, ತಲೆ ಎತ್ತರಿಸಿ ಮಲಗಿಸಿ, ತೇವಗಾಳಿ ಮತ್ತು ಸ್ಟೀರಾಯ್ಡ್ ಕೊಟ್ಟು, ಮಾತಾಡದಂತೆ ನೋಡಿಕೊಂಡೆವು.

ಕಬಡ್ಡಿಯಲ್ಲಿ ಸ್ವರ ಬದಲಾಗುವ ಈ ಸುಳಿವು ಸುಲಭವಾಗಿ ಕಳೆದುಹೋಗುತ್ತದೆ. ಲಾಲ್‌ಬಾಗ್, ಪರೇಲ್ ಕಡೆಯ ಆಟಗಾರರಿಗೆ ಗಂಟಲಿಗೆ ಮೊಣಕೈ, ಮುಂಗೈ ತಾಗುವುದು ಹೊಸತಲ್ಲ. ಆದರೆ ಉಸಿರು ಬಿಗಿಹಿಡಿದು ಜಪಿಸುವ ರೈಡರನ ಸ್ವರ ಪಂದ್ಯದ ಕೊನೆಗೆ ಹೇಗೂ ಒಡೆದಿರುತ್ತದೆಂದು ಕೋಚ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಗಿ ಕೆಟ್ಟ ಸ್ವರ ಮೆಲ್ಲಮೆಲ್ಲನೆ ಕೆಡುತ್ತದೆ, ನುಂಗುವಾಗ ಅಷ್ಟೇನೂ ನೋಯುವುದಿಲ್ಲ. ಪೆಟ್ಟಿನಿಂದ ಕೆಟ್ಟದ್ದು ಪೆಟ್ಟು ಬಿದ್ದ ಕ್ಷಣದಿಂದಲೇ, ಇಲ್ಲವೇ ಮುಂದಿನ ಕೆಲವು ತಾಸುಗಳಲ್ಲಿ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಕೇಳಿ ತಿಳಿಯಲು ಯಾವ ಯಂತ್ರವೂ ಬೇಡ.

ಇನ್ನೊಂದು ಸುಳಿವು ಬೆರಳಿಗೆ ಸಿಗುತ್ತದೆ. ಶ್ವಾಸಮಾರ್ಗ ಸೀಳಿದ್ದರೆ ಗಾಳಿ ಚರ್ಮದಡಿಗೆ ನುಸುಳಿ, ಒತ್ತಿದಾಗ ಹಪ್ಪಳ ಮುರಿದಂತೆ ಚರಚರ ಎನ್ನುತ್ತದೆ. ಕುತ್ತಿಗೆಗೂ ಎದೆಗೂ ನಡುವೆ ಗೋಡೆಯಿಲ್ಲವಾದ್ದರಿಂದ ಈ ಗಾಳಿ ಎದೆಯ ನಡುಭಾಗಕ್ಕೆ ಇಳಿಯಬಲ್ಲುದು. ಹಾಗೆಯೇ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದಾಗ ಸೋರಿದ ಗಾಳಿ ಮೇಲೇರಿ ಕುತ್ತಿಗೆಯಲ್ಲಿ ಕಾಣಿಸಿಕೊಳ್ಳಬಹುದು. ಶ್ವಾಸಕೋಶದ ತುದಿಯಂತೂ ಕೊರಳೆಲುಬಿಗಿಂತ ಎರಡು-ಮೂರು ಸೆಂಟಿಮೀಟರ್ ಮೇಲೆಯೇ ಇದೆ. ಗಂಟಲ ಪೆಟ್ಟಿನವರಿಗೆ ಎದೆಯ ಎಕ್ಸ್-ರೇ ಏಕೆಂದು ಕೇಳುವ ತಂದೆತಾಯಿಗಳಿಗೆ ನನ್ನ ಉತ್ತರ ಇದೇ.

ಎದೆಗೆ ಚೆಂಡು ಬಡಿದ ಹುಡುಗ ಎರಡು ಹೆಜ್ಜೆ ನಡೆದು ಕುಸಿದರೆ ಅದು ಬೇರೆಯೇ ಸಂಗತಿ: ಹೃದಯಬಡಿತದ ಒಂದು ಸೂಕ್ಷ್ಮ ಗಳಿಗೆಯಲ್ಲಿ ಬಿದ್ದ ಪೆಟ್ಟು ಲಯವನ್ನೇ ಕೆಡಿಸಿರಬಹುದು. ಅಲ್ಲಿ ನೀರು ಚಿಮುಕಿಸುತ್ತ ನಿಲ್ಲದೆ ಕೂಡಲೇ ಎದೆ ಒತ್ತಲು ತೊಡಗಬೇಕು, ವಿದ್ಯುತ್ ಆಘಾತದಿಂದ ಲಯ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರ ತರಿಸಬೇಕು. ನಾನು ಕಂಡ ಮೈದಾನಗಳಲ್ಲಿ ಆ ಯಂತ್ರ ಅಪರೂಪ. ಇನ್ನು ಆಸ್ಟ್ರೇಲಿಯದ ಬ್ಯಾಟರ್ ಫಿಲಿಪ್ ಹ್ಯೂಸ್ 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಚೆಂಡಿನ ಪೆಟ್ಟುಬಿದ್ದು ತೀರಿಕೊಂಡದ್ದು ಕುತ್ತಿಗೆಯ ಪಾರ್ಶ್ವದಲ್ಲಿ ಮಿದುಳಿಗೆ ಹೋಗುವ ರಕ್ತನಾಳ ಸೀಳಿದ್ದರಿಂದ. ಆ ನಂತರ ಬಂದ ಹೆಲ್ಮೆಟ್ಟಿನ ಕುತ್ತಿಗೆ-ಕಾವಲು ಹಿಂಬದಿಯನ್ನು ಕಾಯುತ್ತದೆ, ಗಂಟಲನ್ನಲ್ಲ.

ಮೈದಾನದಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಕತ್ತಿನ ಹಿಂದೆ ನೋವು, ಕೈಕಾಲು ಜೋಮು ಇಲ್ಲದಿದ್ದರೆ ಕೂರಿಸಿ, ಅಂಗಾತ ಮಲಗಿಸಬೇಡಿ. ಎಣ್ಣೆ ತಿಕ್ಕುವುದೂ ಬೇಡ, ನೀರು ಕುಡಿಸುವುದೂ ಬೇಡ. ಉಸಿರೆಳೆಯುವಾಗ ಸುಯ್ ಎಂಬ ಸದ್ದು, ಉಗುಳಿನಲ್ಲಿ ರಕ್ತ ಅಥವಾ ಗಂಟಲುಮಣಿ ಚಪ್ಪಟೆಯಾದಂತೆ ಕಂಡರೆ ನನ್ನಂಥವರ ಕ್ಲಿನಿಕ್ಕಿಗಲ್ಲ, ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಏನೂ ಕಾಣದ ಹುಡುಗನನ್ನೂ ಒಬ್ಬನೇ ಲೋಕಲ್ ರೈಲು ಹತ್ತಿಸಿ ಕಳಿಸಬಾರದು.

ಮೂರನೆಯ ವಾರ ಆ ಕೀಪರನ ಬಲ ತಂತು ಬೆಳ್ಳಗಾಗಿತ್ತು. ಓಡಬಹುದು, ಚೆಂಡೂ ಹಿಡಿಯಬಹುದು, ಇನ್ನೊಂದು ತಿಂಗಳು ಕೂಗುವಂತಿಲ್ಲ ಎಂದೆ. “ಕೀಪರೇ ಅಪೀಲು ಮಾಡದಿದ್ರೆ ಔಟ್ ಕೊಡುದು ಯಾರು ಡಾಕ್ಟ್ರೇ?” ಎಂದು, ಸ್ವಲ್ಪ ಗೊಗ್ಗರಾಗಿಯೇ ಕೇಳಿದ. ಬೌಲರ್ ಕೂಗಲಿ ಎಂದೆ.