ಕ್ವಿಬೆಕ್‌ನ ಫ್ರೆಂಚ್ ಪೂರ್ವಜರ ಹುಡುಕಾಟ: ಮದುವೆಯ ದಾಖಲೆಯೇ ಆಧಾರ

ವಂಶಾವಳಿ ಸಂಶೋಧನೆಯನ್ನು ವೃತ್ತಿಯಾಗಿಸಿಕೊಂಡಿರುವ ನನ್ನ ಬಳಿಗೆ ಬರುವವರಲ್ಲಿ ಬಹುಮಂದಿ ಒಂದು ಮನೆತನದ ಹೆಸರನ್ನು ಹೇಳಿ, ಆ ಹೆಸರಿನಲ್ಲಿ 17ನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಕೆನಡಾದ ಕ್ವಿಬೆಕ್‌ಗೆ ಬಂದು ನೆಲೆಸಿದ ಮೂಲಪುರುಷ ಯಾರೆಂದು ಮೊದಲಿಗೇ ಕೇಳುತ್ತಾರೆ. ಅದು ಕೊನೆಯಲ್ಲಿ ಸಿಗಬೇಕಾದ ಉತ್ತರ. ಹೆಸರೊಂದನ್ನೇ ನಂಬಿ ಮೇಲಿನಿಂದ ಕೆಳಗಿಳಿದವರು ಯಾರದೋ ವಂಶವನ್ನು ತಮ್ಮದೆಂದು ಬರೆದುಕೊಂಡದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅಜ್ಜ ಅಜ್ಜಿಯರ ಮದುವೆಯಿಂದ ಹೊರಟು, ಒಂದೊಂದೇ ತಲೆಮಾರಿನ ಮದುವೆಯನ್ನು ಖಚಿತಪಡಿಸಿಕೊಳ್ಳುತ್ತ ಹಿಂದಕ್ಕೆ ಹೋಗುವುದೇ ಸರಿಯಾದ ಕ್ರಮ.

ಕ್ಯಾಥೊಲಿಕ್ ಚರ್ಚಿನ ಮದುವೆ ದಾಖಲೆಯಲ್ಲಿ ಸಾಮಾನ್ಯವಾಗಿ ವಧೂವರರ ಹೆಸರಿನ ಜೊತೆಗೆ ಇಬ್ಬರ ತಂದೆತಾಯಿಯರ ಹೆಸರೂ ಅವರ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಯಾವುದೆಂಬುದೂ ಇರುತ್ತದೆ. ಹೆಂಗಸರು ಮದುವೆಯ ನಂತರವೂ ದಾಖಲೆಗಳಲ್ಲಿ ತವರಿನ ಹೆಸರಿನಿಂದಲೇ ಗುರುತಿಸಲ್ಪಡುತ್ತಿದ್ದರಿಂದ, ತಾಯಿಯ ಕಡೆಯ ವಂಶವನ್ನೂ ಅಷ್ಟೇ ಭರವಸೆಯಿಂದ ಹುಡುಕಬಹುದು. ಆದರೆ ವಿಧವೆಯೋ ವಿಧುರನೋ ಮರುಮದುವೆಯಾದಾಗ ಪಾದ್ರಿಗಳು ಬಹುಪಾಲು ತಂದೆತಾಯಿಯರ ಬದಲು ತೀರಿಕೊಂಡ ಸಂಗಾತಿಯ ಹೆಸರನ್ನು ಬರೆಯುತ್ತಿದ್ದರು. ಆಗ ಮೊದಲ ಮದುವೆಯ ದಾಖಲೆಯನ್ನು ಹುಡುಕದೆ ಬೇರೆ ಉಪಾಯವಿಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಆರಂಭವಾದ ಐತಿಹಾಸಿಕ ಜನಸಂಖ್ಯಾ ಸಂಶೋಧನಾ ಯೋಜನೆಯ ದತ್ತಾಂಶ ಈ ಕೆಲಸವನ್ನು ಎಷ್ಟೋ ಹಗುರಗೊಳಿಸಿದೆ. ಆದರೂ ಮೂಲ ಪುಟದ ಚಿತ್ರವನ್ನು ಕಣ್ಣಾರೆ ನೋಡದೆ ಯಾವ ಸಂಬಂಧವನ್ನೂ ನಾನು ಒಪ್ಪುವುದಿಲ್ಲ.

ಹೆಸರುಗಳ ಗೊಂದಲ ಹೆಚ್ಚಾಗಿ ಸೈನಿಕರ ವಂಶಗಳಲ್ಲಿ ಎದುರಾಗುತ್ತದೆ. 1665ರಲ್ಲಿ ಬಂದ ಫ್ರೆಂಚ್ ಸೈನ್ಯದ ಕಾರಿನ್ಯಾನ್-ಸಾಲಿಯೇರ್ ದಳದ ಸುಮಾರು 1,200 ಸೈನಿಕರಲ್ಲಿ 400ರಷ್ಟು ಮಂದಿ ಅಲ್ಲೇ ನೆಲೆನಿಂತರು. ಸೈನ್ಯದಲ್ಲಿ ಲಾಫ್ಲೆರ್, ಸಾನ್‌ಸೂಸಿ ಮುಂತಾದ ಅಡ್ಡಹೆಸರಿಡುವುದು ರೂಢಿಯಾಗಿತ್ತು. ಒಂದೇ ತಂದೆಯ ಮಕ್ಕಳಲ್ಲಿ ಒಬ್ಬ ಮನೆತನದ ಹೆಸರನ್ನೂ ಇನ್ನೊಬ್ಬ ಅಡ್ಡಹೆಸರನ್ನೂ ಉಳಿಸಿಕೊಂಡಿರಬಹುದು; ಎಲ್ಲೋ ಇದ್ದ ಸಂಬಂಧವಿಲ್ಲದ ಇಬ್ಬರು ಸೈನಿಕರಿಗೆ ಅದೇ ಅಡ್ಡಹೆಸರು ಇದ್ದಿರಲೂಬಹುದು. ಆದ್ದರಿಂದಲೇ ಗಂಡಹೆಂಡಿರಿಬ್ಬರ ಹೆಸರನ್ನೂ ಜೊತೆಯಾಗಿ ಹುಡುಕಬೇಕು.

ಚರ್ಚಿನ ದಾಖಲೆಗೆ ಜೊತೆಯಾಗಿ ಹೆಚ್ಚಾಗಿ ನೋಟರಿ ಬರೆದ ಮದುವೆಯ ಕರಾರುಪತ್ರವಿರುತ್ತದೆ. 1640ರ ಬೆಂಕಿಯಲ್ಲಿ ಕ್ವಿಬೆಕ್ ಪಟ್ಟಣದ ಚರ್ಚು ದಾಖಲೆಪುಸ್ತಕಗಳ ಸಮೇತ ಸುಟ್ಟುಹೋಗಿ, ಹಳೆಯ ನಮೂದುಗಳನ್ನು ನೆನಪಿನಿಂದ ಮತ್ತೆ ಬರೆಯಬೇಕಾಯಿತು. ಅದಕ್ಕೂ ಹಿಂದಿನ ಕಾಲಕ್ಕೆ ಸೇರಿದ, ಉಳಿದುಬಂದ ಒಂದೊಂದು ಕರಾರಿಗೂ ಹಾಗಾಗಿ ವಿಶೇಷ ಬೆಲೆಯಿದೆ. ಪೆರ್ಶ್ ಪ್ರಾಂತ್ಯದ ಮೊರ್ತಾನ್ಯ್ ಊರಿನಿಂದ 1634ರಲ್ಲಿ ಬಂದ ಬಡಗಿ ಜಕಾರಿ ಕ್ಲೂತಿಯೇನ ಮಗಳು ಆನ್‌ಗೂ ರೊಬೆರ್ ದ್ರುಯೆನ್‌ಗೂ 1636ರ ಜುಲೈ 27ರಂದು ಆದ ಕರಾರು ಇಂದಿಗೂ ಉಳಿದಿದೆ. ಹುಡುಗಿಗೆ ಆಗ ಹತ್ತು ವರ್ಷ. ಚರ್ಚಿನಲ್ಲಿ ಮದುವೆ ನಡೆದದ್ದು ಮರುವರ್ಷ. ಕರಾರಿನ ದಿನವನ್ನೇ ಮದುವೆಯ ದಿನವೆಂದು ನಕಲು ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು. ಕ್ಲೂತಿಯೇ ಸಹಿಯ ಜಾಗದಲ್ಲಿ ಕೊಡಲಿಯ ಚಿತ್ರವನ್ನು ಗುರುತಾಗಿ ಬರೆಯುತ್ತಿದ್ದ. ಇಂಥ ಗುರುತುಗಳು, ಸಾಕ್ಷಿಗಳ ಹೆಸರುಗಳು, ವರದಕ್ಷಿಣೆಯ ವಿವರಗಳು ಒಬ್ಬ ವ್ಯಕ್ತಿಯನ್ನು ಅದೇ ಹೆಸರಿನ ಇನ್ನೊಬ್ಬನಿಂದ ಬೇರ್ಪಡಿಸಲು ನೆರವಾಗುತ್ತವೆ. ಬ್ರಿಟಿಷರ ಆಳ್ವಿಕೆ ಬಂದ ಮೇಲೂ 1774ರ ಕ್ವಿಬೆಕ್ ಕಾಯ್ದೆ ಫ್ರೆಂಚ್ ಸಿವಿಲ್ ಕಾನೂನನ್ನು ಉಳಿಸಿದ್ದರಿಂದ ನೋಟರಿ ಪತ್ರಗಳ ಸರಣಿ ತುಂಡಾಗಲಿಲ್ಲ.

ಸಮುದ್ರ ದಾಟಿ ಬಂದ ಮೊದಲ ತಲೆಮಾರಿನವರ ಮದುವೆಯ ದಾಖಲೆ ಸಿಕ್ಕಾಗ, ಅದರಲ್ಲಿರುವ ಫ್ರಾನ್ಸಿನ ಪ್ಯಾರಿಷ್ ಮತ್ತು (ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶವಾದ) ಡಯಾಸಿಸ್‌ಗಳ ಹೆಸರನ್ನು ಅಕ್ಷರಶಃ ಬರೆದಿಟ್ಟುಕೊಳ್ಳಬೇಕು. 1663ರಿಂದ 1673ರವರೆಗೆ ಫ್ರಾನ್ಸಿನ ರಾಜನ ಖರ್ಚಿನಲ್ಲಿ ಮದುವೆಗಾಗಿ ಬಂದ ಸುಮಾರು 770 ಹೆಣ್ಣುಮಕ್ಕಳಲ್ಲಿ ಅನೇಕರ ತವರನ್ನು ಕಂಡುಕೊಳ್ಳಲು ಇದೇ ದಾರಿ. ಅಲ್ಲಿಂದ ಮುಂದಿನ ಹುಡುಕಾಟ ಆಯಾ ಜಿಲ್ಲೆಯ ಪತ್ರಾಗಾರದಲ್ಲಿ; ಮೊರ್ತಾನ್ಯ್ ಇಂದು ಓರ್ನ್ ಜಿಲ್ಲೆಗೆ ಸೇರಿದೆ. ಹಡಗು ಹತ್ತಿದ ಬಂದರು ಲಾ ರೊಶೆಲ್ ಎಂಬ ಒಂದೇ ಕಾರಣಕ್ಕೆ ಅದನ್ನು ಹುಟ್ಟೂರೆಂದು ಬರೆದಿರುವ ವಂಶವೃಕ್ಷಗಳು ಬಹಳಷ್ಟಿವೆ. ಆ ಊರಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು ತಂದೆತಾಯಿಯರ ಹೆಸರಿನೊಂದಿಗೆ ಸಿಗದಿದ್ದರೆ, ಹುಟ್ಟೂರಿನ ಜಾಗವನ್ನು ಖಾಲಿ ಬಿಡಿ.